ಕಟ್ಟು ಬಿಚ್ಚುವ ಕೈಗಳು



ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತಮ್ಮ ಮಗನನ್ನು ನನ್ನ ಬಳಿಗೆ ಕರೆತಂದರು. ಗಾಂಜಾದಿಂದ ಆರಂಭಿಸಿದ ಆತ ಮಾತ್ರೆಗೂ ಮದ್ಯಕ್ಕೂ ದಾಸನಾಗಿದ್ದ. ನಾನು ಅರ್ಧ ಗಂಟೆ ಬುದ್ಧಿ ಹೇಳಿ, ಶಿಲುಬೆಯ ಮುಂದೆ ಪ್ರಮಾಣ ಮಾಡಿಸಿ, ಆಶೀರ್ವದಿಸಿ ಕಳುಹಿಸಿದೆ. ಮೂರನೆಯ ವಾರಕ್ಕೆ ಪ್ರಮಾಣ ಮುರಿಯಿತು. ಆಮೇಲೆ ಆತ ದೇವಾಲಯದ ಕಡೆಗೆ ಬರಲಿಲ್ಲ. ಹುಡುಗನ ಮನಸ್ಸು ದುರ್ಬಲ ಎಂದುಕೊಂಡು ನಾನು ಸುಮ್ಮನಾದೆ. ಪ್ರಮಾಣ ಮಾಡಿ ಹೊರಟವನು ಯಾರ ಜೊತೆಗೆ ಬದುಕಬೇಕಾಗಿತ್ತು ಎಂಬುದನ್ನು ನಾನು ಯೋಚಿಸಲೇ ಇಲ್ಲ.

ನನ್ನ ಕಣ್ಣು ತೆರೆಸಿದ್ದು ಅಮೆರಿಕದಲ್ಲಿ ನಡೆದ ಒಂದು ಘಟನೆ. 1935ರ ಮೇ ತಿಂಗಳು. ಆಕ್ರನ್ ನಗರದ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬಾತ ಒಂಟಿಯಾಗಿ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಕೈಕೊಟ್ಟಿತ್ತು. ಒಂದು ಕಡೆ ಮದ್ಯದಂಗಡಿಯ ನಗು, ಮಾತು. ಇನ್ನೊಂದು ಕಡೆ ದೂರವಾಣಿ. ಆತ ದೂರವಾಣಿಯ ಬಳಿಗೆ ಹೋಗಿ, ಆ ಊರಿನ ಚರ್ಚುಗಳ ಪಟ್ಟಿ ನೋಡಿ ಕರೆ ಮಾಡತೊಡಗಿದ. ತನ್ನಂತೆಯೇ ಕುಡಿತದಿಂದ ನರಳುವ ಒಬ್ಬನೊಡನೆ ಮಾತನಾಡಬೇಕು ಎಂಬುದಷ್ಟೇ ಆತನ ಬೇಡಿಕೆ. ಹೀಗೆ ಡಾಕ್ಟರ್ ಬಾಬ್ ಸ್ಮಿತ್ ಅವರ ಪರಿಚಯವಾಯಿತು. ಹದಿನೈದು ನಿಮಿಷವೆಂದು ಬಂದ ಡಾಕ್ಟರು ಗಂಟೆಗಟ್ಟಲೆ ಕುಳಿತರು. ಆ ಗೆಳೆತನದಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಇದೇ ದಾರಿಯಲ್ಲಿ 1953ರಲ್ಲಿ ಮಾದಕ ವಸ್ತುಗಳ ವ್ಯಸನಿಗಳಿಗಾಗಿ ನಾರ್ಕೋಟಿಕ್ಸ್ ಅನಾನಿಮಸ್ ಆರಂಭವಾಯಿತು.

ಅದೇ ಊರಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ ಇದ್ದರು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ 1939ರಲ್ಲಿ ಅವರು ಡಾಕ್ಟರ್ ಬಾಬ್ ಜೊತೆಗೂಡಿ ಅಂಥವರಿಗೆ ಹಾಸಿಗೆ ಕೊಟ್ಟರು. ಗುಣವಾಗಿ ಹೊರಡುವವರಿಗೆ ಯೇಸುವಿನ ಪವಿತ್ರ ಹೃದಯದ ಪುಟ್ಟ ಬಿಲ್ಲೆಯೊಂದನ್ನು ಕೊಟ್ಟು, ಮತ್ತೆ ಕುಡಿಯುವ ಮೊದಲು ಅದನ್ನು ತಮಗೆ ತಂದೊಪ್ಪಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ನಾನು ಮಾಡಿಸಿದ ಪ್ರಮಾಣಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ನನ್ನ ಪ್ರಮಾಣ ಆ ಹುಡುಗನನ್ನು ಒಂಟಿಯಾಗಿ ಬಿಟ್ಟಿತು. ಸಿಸ್ಟರ್ ಕೊಟ್ಟ ಬಿಲ್ಲೆ, ಬೀಳುವ ಹೊತ್ತಿನಲ್ಲೂ ಒಬ್ಬರ ಮುಖ ನೋಡಲು ಕರೆಯುತ್ತಿತ್ತು.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಲಾಜರನನ್ನು ಸಮಾಧಿಯಿಂದ ಕರೆದವರು ಯೇಸುಸ್ವಾಮಿ. ಜೀವ ಕೊಟ್ಟವರೂ ಅವರೇ. ಆದರೆ ಹೊರಗೆ ಬಂದವನ ಕೈಕಾಲುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಅದನ್ನು ಬಿಚ್ಚುವ ಕೆಲಸವನ್ನು ಪ್ರಭು ಸುತ್ತ ನಿಂತಿದ್ದವರಿಗೆ ಒಪ್ಪಿಸಿದರು. ಸಮಾಧಿಯ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರೆ ಆ ಕೆಲಸ ಆಗುತ್ತಿತ್ತೆ?

ಪ್ರಿಯರೇ, ವ್ಯಸನವು ರೋಗವೂ ಹೌದು. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ವೈದ್ಯರ ಬಳಿಗೆ ಕರೆದೊಯ್ಯಿರಿ. ಆದರೆ ಔಷಧಿ ಮುಗಿಸಿ ಬಂದವನಿಗೆ ಕುಳಿತು ಮಾತನಾಡಲು ಜನ ಬೇಕು. ಕಳ್ಳತನ ಮುಚ್ಚಿಡುವುದು, ಸಾಲ ತೀರಿಸುತ್ತಾ ಹೋಗುವುದು ಪ್ರೀತಿಯಲ್ಲ. ಸತ್ಯ ಹೇಳಿಯೂ ಬಾಗಿಲು ತೆರೆದಿಡುವುದು ಪ್ರೀತಿ. ನಮ್ಮ ಮದುವೆ, ಜ್ಞಾನಸ್ನಾನದ ಊಟಗಳಲ್ಲಿ ಕುಡಿಯದವನಿಗೂ ಗೌರವದ ಸ್ಥಳವಿದೆಯೇ? ಪೂಜೆಗೆ ಬಂದರೆ ನಾವು ಪಕ್ಕಕ್ಕೆ ಸರಿದು ಜಾಗ ಕೊಡುತ್ತೇವೆಯೋ, ಎದ್ದು ಬೇರೆ ಬೆಂಚಿಗೆ ಹೋಗುತ್ತೇವೆಯೋ?

ಹೋದ ತಿಂಗಳು ನಾನು ಆ ತಾಯಿಯ ಮನೆಗೆ ಹೋಗಿ, ಮಗನ ಕ್ಷಮೆ ಕೇಳಿದೆ. ಆತ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಫಾದರ್, ನೀವೂ ಜೊತೆಗೆ ಬರುವುದಾದರೆ ಆ ಸಭೆಗೆ ಬರುತ್ತೇನೆ" ಎಂದ. ಎರಡು ಶನಿವಾರ ಇಬ್ಬರೂ ಹೋಗಿಬಂದಿದ್ದೇವೆ. ಮುಂದಿನದು ದೇವರ ಚಿತ್ತ. ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇದ್ದೀತು. ಈ ವಾರ ಆ ಬಾಗಿಲು ತಟ್ಟಿರಿ.