ಅನ್ನದ ಋಣ ಬಿಲ್ಲಿನಲ್ಲಿ ತೀರುವುದೇ?



ಏಪ್ರಿಲ್ ತಿಂಗಳು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಬಿಸಿಲು ನೆಲವನ್ನಷ್ಟೇ ಅಲ್ಲ, ಮನಸ್ಸನ್ನೂ ಕಾಯಿಸುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದನ್ನು ನಿಲ್ಲಿಸಿರುತ್ತವೆ. ಕಬ್ಬಿನ ಬಿಲ್ಲು ಕೈಗೆ ಬಂದವರು, ಸಂಬಳದಲ್ಲಿ ನಾಲ್ಕು ಕಾಸು ಉಳಿಸಿದವರು 'ಒಂದೆರಡು ದಿನ ಸಮುದ್ರದ ಕಡೆ ಹೋಗಿ ಬರೋಣ' ಎಂದುಕೊಳ್ಳುತ್ತಾರೆ. ಹಿಂದೆ ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ಸಮುದ್ರದ ಪ್ರವಾಸವೆಂದರೆ ಹಳೇ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ನಮಿಸಿ, ಬರುವಾಗ ಅಲೆಗಳಿಗೆ ಕಾಲೊಡ್ಡಿ ಬರುವುದೇ ಆಗಿತ್ತು. ಊಟಕ್ಕೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಬುತ್ತಿ ಜೊತೆಗಿರುತ್ತಿತ್ತು. ಇಂದು ಗೋವೆ, ಗೋಕರ್ಣ, ಕಾರವಾರದ ದಡದುದ್ದಕ್ಕೂ ಐಷಾರಾಮಿ ರಿಸಾರ್ಟುಗಳು ಎದ್ದಿವೆ. ಅಂಥ ಕಡೆ ಬೇಕಾದ್ದು, ಬೇಡವಾದದ್ದು ಎಲ್ಲವೂ ಬಫೆಯ ಮೇಜಿನ ಮೇಲೆ ಸಾಲಾಗಿ ಕುಳಿತಿರುತ್ತದೆ. ಅದರ ಮೇಲೊಂದು ಫಲಕ: 'ತಾಜಾ, ಸ್ಥಳೀಯ, ಆರೋಗ್ಯಕರ ಆಹಾರ.'

ಆರೋಗ್ಯಕರ ಊಟ ಮಾಡಬೇಕೆಂಬ ಆಸೆ ಒಳ್ಳೆಯದೇ. ದೇಹವನ್ನು ಕಾಪಾಡಿಕೊಳ್ಳುವುದು ದೇವರು ಕೊಟ್ಟ ವರವನ್ನು ಗೌರವಿಸಿದಂತೆ. ಆದರೆ ಆ ಮೇಜಿನ ಮುಂದೆ ತಟ್ಟೆ ಹಿಡಿದು ನಿಂತಾಗ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ಈ ಊಟಕ್ಕೆ ಕೈತುಂಬ ದುಡ್ಡು ಕೊಟ್ಟಿದ್ದೇವೆ, ನಿಜ. ಅಷ್ಟಕ್ಕೇ ಇದರ ಋಣ ತೀರಿತೇ?

'ತಾಜಾ' ಎಂಬ ಮಾತಿನ ಹಿಂದೆ

ಮೊದಲಿಗೆ ಆ ಫಲಕದ ಮಾತನ್ನೇ ಪರಿಶೀಲಿಸೋಣ. ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಂತ್ರಚಾಲಿತ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ. ಕಡಲು ಉಕ್ಕಿ ಮೊರೆಯುವ ಕಾಲವೂ ಹೌದು. ಆ ದಿನಗಳಲ್ಲಿ ಸಣ್ಣ ದೋಣಿಯವರು ದಡದ ಸಮೀಪದಲ್ಲಿ ಹಿಡಿದ ಅಲ್ಪಸ್ವಲ್ಪ ಬಿಟ್ಟರೆ, ದೊಡ್ಡ ಮೀನೆಲ್ಲ ಹೆಚ್ಚಾಗಿ ಮಂಜುಗಡ್ಡೆಯ ಪೆಟ್ಟಿಗೆಯಿಂದಲೇ ಬರಬೇಕು. ಮಳೆಗಾಲದಲ್ಲಿಯೂ 'ದೊಡ್ಡ ಮೀನು ಬೇಕೇ ಬೇಕು' ಎಂದು ಹಟ ಹಿಡಿಯುವವನಿಗೆ ಮೀನು ಸಿಕ್ಕೀತು, ತಾಜಾತನ ಸಿಗುವುದು ಕಷ್ಟ.

ತರಕಾರಿಯ ಕಥೆ ಇನ್ನೂ ಸ್ವಾರಸ್ಯಕರ. ಗೋವೆಯ ಅಡುಗೆಮನೆಗಳು ತರಕಾರಿಗೆ ಬಹುಮಟ್ಟಿಗೆ ನಂಬಿರುವುದು ನಮ್ಮ ಬೆಳಗಾವಿಯ ಮಾರುಕಟ್ಟೆಯನ್ನು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲದ ದಿಗ್ಬಂಧನಕ್ಕೆ ಗಡಿ ಮುಚ್ಚಿದಾಗ ಗೋವೆಯ ಜನ ತರಕಾರಿಗೆ ಪರದಾಡಿದ್ದು ನೆನಪಿರಬಹುದು. ಹೀಗಾಗಿ ಮುಧೋಳದಿಂದ ಘಟ್ಟ ಇಳಿದು ಹೋದ ಕುಟುಂಬವೊಂದು ಗೋವೆಯ ದಡದಲ್ಲಿ ಕುಳಿತು ತಿನ್ನುವ ಸೌತೆಕಾಯಿ, ತಮ್ಮ ಕಾರಿಗಿಂತ ಒಂದು ದಿನ ಮೊದಲು ಅದೇ ಘಟ್ಟ ಇಳಿದು ಬಂದದ್ದಾಗಿರಬಹುದು!

ಇನ್ನು ಆರೋಗ್ಯ. ಕರಾವಳಿಯ ಬಡವರ ಊಟವನ್ನು ನೋಡಿ: ಕೆಂಪು ಕುಚ್ಚಲಕ್ಕಿಯ ಗಂಜಿ, ಬಂಗುಡೆ ಅಥವಾ ತಾರ್ಲೆ ಮೀನಿನ ಸಾರು, ಬಿಸಿಲಿಗೆ ತಂಪಾಗಿ ಮುರುಗಲು ಹಣ್ಣಿನ ಕಡಿ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬು ಈ ಅಗ್ಗದ ಬಂಗುಡೆ, ತಾರ್ಲೆಗಳಲ್ಲಿ ಸಮೃದ್ಧವಾಗಿದೆ. ಅದೇ ಜಾತಿಯ ಕೊಬ್ಬು, ಸಸ್ಯದ ರೂಪದಲ್ಲಿ, ನಮ್ಮ ಮನೆಯ ಅಗಸಿ ಚಟ್ನಿಯಲ್ಲಿಯೂ ಇದೆ. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು: ಈ ತಟ್ಟೆಗಿಂತ ಆರೋಗ್ಯಕರವಾದ ತಟ್ಟೆಯನ್ನು ಯಾವ ರಿಸಾರ್ಟು ತಾನೇ ಬಡಿಸೀತು? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಜೋಳವೂ ದೊಡ್ಡ ಹೋಟೆಲುಗಳ ಮೇಜು ಏರಿದೆ. ಅಲ್ಲಿ ಒಂದು ರೊಟ್ಟಿಗೆ ಕೇಳಿದಷ್ಟು ಕೊಟ್ಟು ಬಾಯಿ ಚಪ್ಪರಿಸುವ ನಾವು, ಊರಿಗೆ ಬಂದ ಮೇಲೆ ನಸುಕಿನಲ್ಲೆದ್ದು ಒಲೆಯ ಮುಂದೆ ಬೆವರಿಳಿಸಿ ರೊಟ್ಟಿ ಬಡಿದು ಮಾರುವ ತಾಯಿಯೊಡನೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡುತ್ತೇವೆ. ರೊಟ್ಟಿ ಎರಡೂ ಕಡೆ ಒಂದೇ. ನಮ್ಮ ಕಣ್ಣು ಮಾತ್ರ ಬೇರೆ.

ಬೆಲೆ ಬೇರೆ, ಋಣ ಬೇರೆ

'ದುಡ್ಡು ಕೊಟ್ಟಿದ್ದೇವಲ್ಲ, ಇನ್ನೇನು?' ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯೇ ಉತ್ತರ ಹೇಳುತ್ತದೆ.

ಬೀಳಗಿಯವರನ್ನು ಕೇಳಿ. ಆಲಮಟ್ಟಿಯ ಹಿನ್ನೀರಿಗೆ ಆ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಹೊಲ, ಮನೆ, ಹಿರಿಯರ ಸಮಾಧಿಗಳನ್ನು ಬಿಟ್ಟುಕೊಟ್ಟವು. ಆ ನೀರು ನಾರಾಯಣಪುರದ ಮೂಲಕ ಯಾದಗಿರಿ, ರಾಯಚೂರಿನ ಗದ್ದೆಗಳಿಗೆ ಹರಿದು ಅಕ್ಕಿಯಾಗುತ್ತದೆ. ಮುಳುಗಿದ ನೆಲಕ್ಕೆ ಪರಿಹಾರ ಕೊಟ್ಟದ್ದುಂಟು. ಆದರೆ 'ಪರಿಹಾರ ಕೊಟ್ಟಾಯಿತು, ಇನ್ನು ನಿಮಗೂ ನಮಗೂ ಸಂಬಂಧವಿಲ್ಲ' ಎಂದು ಯಾರಾದರೂ ಹೇಳಿದರೆ ಅವರ ಎದೆ ನೋಯುವುದಿಲ್ಲವೇ?

ಮುಧೋಳದ ಕಬ್ಬು ಬೆಳೆಗಾರರನ್ನು ಕೇಳಿ. ವರ್ಷವಿಡೀ ನೀರು ಕಟ್ಟಿ ಬೆಳೆದ ಕಬ್ಬು ಸಕ್ಕರೆಯಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಚಹಾಕ್ಕೆ ಬೆರೆಸುವವರಿಗೆ ಕಬ್ಬಿನ ರವದಿ ಮೈಗೀರಿದ ಉರಿಯಾಗಲಿ, ಹೆಂಡತಿ ಮಕ್ಕಳೊಡನೆ ಹೊಲದಂಚಿನ ಗುಡಿಸಲಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುವ ಕಬ್ಬು ಕಡಿಯುವ ಗ್ಯಾಂಗಿನವರ ಬಾಳಾಗಲಿ ಗೊತ್ತಿರುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ. ಸೀರೆಯ ಬೆಲೆಯನ್ನು ಅಂಗಡಿಯಲ್ಲಿ ಎಣಿಸಿ ಕೊಡುತ್ತಾರೆ. ಮಗ್ಗದ ಮುಂದೆ ಸವೆದ ಕಣ್ಣಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರು 'ಶ್ರಮಬಿಂದು ಸಾಗರ', ಬೆವರ ಹನಿಯ ಸಾಗರ. ಆ ನೀರಿನಲ್ಲಿ ಇಂದು ಬೆಳೆ ಬೆಳೆಯುವ ಮಕ್ಕಳು ತಮ್ಮ ತಂದೆಯರ ಬೆವರಿಗೆ ಯಾವ ಬಿಲ್ಲು ಕಟ್ಟಿಯಾರು?

ನಮ್ಮ ದುಡಿಮೆಗೆ ಬೆಲೆ ಸಿಕ್ಕರೆ ಸಾಲದು, ಅದನ್ನು ನೆನೆಯುವ ಮನಸ್ಸೂ ಬೇಕೆಂದು ನಾವು ಬಯಸುತ್ತೇವೆ. ಅದು ನ್ಯಾಯವೇ ಆಗಿದೆ. ಹಾಗಿದ್ದ ಮೇಲೆ ಗೋಕರ್ಣದ ಸಮೀಪದ ತದಡಿ ಬಂದರಿನಿಂದ ರಾತ್ರಿಯೇ ದೋಣಿ ಇಳಿಸಿ ಹೋದ ಮೀನುಗಾರನಿಗೆ, ಅಂಕೋಲಾ-ಕುಮಟಾದ ಸಂತೆಗೆ ತಲೆಯ ಮೇಲೆ ಸೊಪ್ಪು, ತರಕಾರಿ ಹೊತ್ತು ತರುವ ಹಾಲಕ್ಕಿ ಹೆಣ್ಣುಮಕ್ಕಳಿಗೆ, ಸಾಣಿಕಟ್ಟೆಯ ಆಗರದಲ್ಲಿ ಉರಿಬಿಸಿಲಿಗೆ ಉಪ್ಪು ಎಳೆಯುವವರಿಗೆ ಅದೇ ನ್ಯಾಯ ಬೇಡವೇ?

ಬೆಲೆ ಎಂಬುದು ಇಬ್ಬರ ನಡುವಿನ ವ್ಯವಹಾರ, ಕೊಟ್ಟೊಡನೆ ಮುಗಿಯುತ್ತದೆ. ಋಣ ಹಾಗಲ್ಲ. ಒಂದು ಬಂಗುಡೆ ನಮ್ಮ ತಟ್ಟೆಗೆ ಬರಲು ಕಡಲು ಬೇಕು, ಮಳೆ ಬೇಕು, ಮರಿಗಳನ್ನು ಬೆಳೆಯಲು ಬಿಟ್ಟ ಎರಡು ತಿಂಗಳ ಸಂಯಮ ಬೇಕು. ಇವು ಯಾವುವೂ ಬಿಲ್ಲಿನಲ್ಲಿ ನಮೂದಾಗುವುದಿಲ್ಲ. ದುಡ್ಡಿನಿಂದ ತೀರಿಸಲಾಗದ ಈ ಭಾಗವನ್ನು ನಡತೆಯಿಂದ ತೀರಿಸಬೇಕು. ನಮ್ಮ ಸೀಮೆಯ ಒಕ್ಕಲಿಗರು ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗಿ ಮೊದಲು ಭೂಮಿಗೆ ಚರಗ ಚೆಲ್ಲಿ, ಆಮೇಲೆ ಬಂಧುಬಳಗ, ನೆರೆಹೊರೆಯವರೊಡನೆ ಕೂತು ಉಣ್ಣುವುದನ್ನು ನೀವು ಬಲ್ಲಿರಿ. ಹೊಲ ಅವರದೇ, ಬೀಜ ಅವರದೇ, ಬೆವರು ಅವರದೇ. ಆದರೂ ತಮ್ಮ ತುತ್ತಿಗಿಂತ ಮೊದಲು ಕೊಡುತ್ತಾರೆ. ತಮ್ಮ ಹೊಲದಲ್ಲಿಯೂ ಅವರು ಅತಿಥಿಗಳಂತೆ ನಡೆದುಕೊಳ್ಳುತ್ತಾರೆ. ಪರಸ್ಥಳಕ್ಕೆ ಹೋದ ನಾವು ಕೇವಲ ಗಿರಾಕಿಗಳಂತೆ ನಡೆದುಕೊಳ್ಳಬಹುದೇ?

ಹಾಗಾದರೆ ಸುಖಪಡುವುದು ಪಾಪವೇ?

ಖಂಡಿತ ಅಲ್ಲ. ವರ್ಷವಿಡೀ ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ಮಕ್ಕಳು ಕಡಲನ್ನು ನೋಡಿ ಕುಣಿಯಬೇಕು. ಅಡುಗೆಮನೆಯಿಂದ ಬಿಡುವೇ ಕಾಣದ ತಾಯಿ ನಾಲ್ಕು ದಿನ ಕುಳಿತಲ್ಲಿಗೆ ಬಂದ ಊಟ ಮಾಡಿದರೆ ಅದು ದುಂದು ಎಂದು ಯಾರೂ ಮೂಗು ಮುರಿಯಬಾರದು. ಬೆಥಾನಿಯದಲ್ಲಿ ಮರಿಯಳು ಪ್ರಭುವಿನ ಪಾದಗಳಿಗೆ ಬೆಲೆಬಾಳುವ ಸುಗಂಧ ತೈಲವನ್ನು ಸುರಿದಾಗ, ಬಡವರ ಹೆಸರು ಹೇಳಿ ಆಕ್ಷೇಪಿಸಿದವನು ಯೂದ ಇಸ್ಕರಿಯೋತ. ಪ್ರಭು ಮರಿಯಳ ಪರವಾಗಿ ಮಾತನಾಡಿದರು. ಪ್ರೀತಿಯಿಂದ ಮಾಡುವ ಖರ್ಚಿಗೆ ಶುಭಸಂದೇಶದಲ್ಲಿ ಸ್ಥಳವಿದೆ.

ಸಂತ ಪೌಲರು ಕೊರಿಂಥದ ವಿಶ್ವಾಸಿಗಳನ್ನು ಗದರಿಸಿದ್ದು ಬೇರೆ ಕಾರಣಕ್ಕೆ. ಒಂದೇ ಕಡೆ ಸೇರಿದ್ದರೂ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಪಕ್ಕದಲ್ಲಿರುವವನನ್ನು ಕಾಣದಂತೆ ಉಣ್ಣುವುದು ಅವರ ದೋಷವಾಗಿತ್ತು. ರಿಸಾರ್ಟಿನ ಗೋಡೆ ಅಂಥ ಕುರುಡನ್ನು ಸುಲಭವಾಗಿ ತರುತ್ತದೆ. ಗೋಡೆಯಾಚೆ ಬಲೆ ಹೆಣೆಯುವವನು ನಮಗೆ ಕಾಣುವುದಿಲ್ಲ. ಬಡಿಸಿದ ಹುಡುಗ ತಾನೇನು ಉಂಡ, ಯಾವಾಗ ಉಂಡ ಎಂಬುದು ಹೊಳೆಯುವುದಿಲ್ಲ. 'ಕಟ್ಟಿದ ದುಡ್ಡು ವಸೂಲಾಗಲಿ' ಎಂದು ತಟ್ಟೆಯ ತುಂಬ ತುಂಬಿಕೊಂಡು ಅರ್ಧ ಬಿಟ್ಟೇಳುತ್ತೇವೆ. ಎಸೆದ ಅನ್ನ ಹಸಿದವನ ಮೇಜಿನಿಂದ ಕದ್ದ ಅನ್ನದಂತೆ ಎಂಬ ಎಚ್ಚರಿಕೆಯನ್ನು ಜಗದ್ಗುರು ಫ್ರಾನ್ಸಿಸರು 2013ರ ಜೂನ್ 5ರಂದು ನೀಡಿದ್ದರು. ಮಕ್ಕಳು ನಮ್ಮ ಉಪದೇಶಕ್ಕಿಂತ ಹೆಚ್ಚಾಗಿ ನಮ್ಮ ತಟ್ಟೆಯನ್ನು ಗಮನಿಸುತ್ತಾರೆ ಎಂಬುದನ್ನು ಮರೆಯದಿರೋಣ.

ದಡದ ಮೇಲಿನ ಒಂದು ಊಟ

ನೀರಿನ ದಡದಲ್ಲಿ ತಾಜಾ ಮೀನಿನ ಊಟ ಶುಭಸಂದೇಶದಲ್ಲಿಯೂ ಇದೆ. ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ಮನೆಯಲ್ಲಿ ಎಲ್ಲರೂ ಕುಳಿತು ಓದಿ. ಪೇತ್ರ ಮತ್ತು ಜೊತೆಗಾರರು ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ಸೋತು ಹೋಗಿದ್ದಾರೆ. ಬೆಳಗಾಗುವ ಹೊತ್ತಿಗೆ ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡ ಮಾಡಿ, ಅದರ ಮೇಲೆ ಮೀನನ್ನಿಟ್ಟು, ರೊಟ್ಟಿಯೊಂದಿಗೆ ಅವರಿಗಾಗಿ ಕಾದಿದ್ದಾರೆ. ಬಲೆಗೆ 153 ದೊಡ್ಡ ಮೀನುಗಳು ಬಿದ್ದಿವೆ. ಪ್ರಭುವಿನ ಬಳಿ ಆಗಲೇ ಮೀನು ಇತ್ತು. ಆದರೂ ಅವರು, ನೀವು ಹಿಡಿದದ್ದರಲ್ಲಿ ಕೆಲವನ್ನು ತನ್ನಿ ಎಂದು ಕೇಳುತ್ತಾರೆ. ದುಡಿದವರ ದುಡಿಮೆಗೆ ಅವರು ಕೊಟ್ಟ ಮರ್ಯಾದೆ ಅದು. ಮೀನುಗಾರರ ಆಯಾಸವನ್ನು ಬಲ್ಲವರೇ ಅಂದಿನ ಅಡುಗೆಯವರು, ಅಂದಿನ ಯಜಮಾನರು, ಅಂದು ಬಡಿಸಿದವರು. ನಮ್ಮ ದಡದ ಊಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಕುಟುಂಬಗಳಿಗೆ ಕೆಲವು ಮಾತುಗಳು

ಈ ಬೇಸಿಗೆಯಲ್ಲಿ ಸಮುದ್ರಕ್ಕೆ ಹೊರಟಿರುವವರು ಈ ಕೆಳಗಿನ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

1. ಆಯಾ ಕಾಲಕ್ಕೆ, ಆಯಾ ಊರಿನಲ್ಲಿ ಏನು ಸಿಗುತ್ತದೆಂದು ಕೇಳಿ, ಅದನ್ನೇ ಉಣ್ಣಿ. ಬೇಸಿಗೆಯಲ್ಲಿ ಅಂಕೋಲೆಯ ಕರಿ ಈಶಾಡು ಮಾವು, ಕುಮಟೆಯ ರಸ್ತೆಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಇರುತ್ತವೆ. ಊರವರು ಉಣ್ಣುವುದು ಸಾಮಾನ್ಯವಾಗಿ ತಾಜಾ, ಅಗ್ಗ, ದೇಹಕ್ಕೂ ಹಿತ.

2. ರಿಸಾರ್ಟಿನಲ್ಲಿ ಉಳಿದುಕೊಂಡರೂ ಒಂದು ಹೊತ್ತಿನ ಊಟವನ್ನಾದರೂ ಸ್ಥಳೀಯ ಕುಟುಂಬವೊಂದು ನಡೆಸುವ ಖಾನಾವಳಿಯಲ್ಲಿ ಮಾಡಿ. ನಿಮ್ಮ ದುಡ್ಡು ನೇರವಾಗಿ ಆ ಒಲೆಯನ್ನು ತಲುಪುತ್ತದೆ.

3. ಸ್ವಲ್ಪ ಬಡಿಸಿಕೊಳ್ಳಿ, ಬೇಕಾದರೆ ಮತ್ತೆ ಬಡಿಸಿಕೊಳ್ಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು 'ರಜೆಯಲ್ಲವೇ' ಎಂಬ ನೆಪದಲ್ಲಿ ಪಥ್ಯ ಮುರಿಯಬೇಡಿ. ಕರಿದ ಮೀನಿಗಿಂತ ಸಾರಿನ ಮೀನು ಲೇಸು.

4. ಊಟದ ಮೊದಲು ಮತ್ತು ನಂತರ ಪ್ರಾರ್ಥಿಸಲು ಹೋಟೆಲಿನಲ್ಲಿ ನಾಚಿಕೊಳ್ಳಬೇಡಿ. 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಈ ಹಳೆಯ ಪದ್ಧತಿಯನ್ನು ಮತ್ತೆ ರೂಢಿಸಿಕೊಳ್ಳಲು ಕರೆಕೊಟ್ಟರು. ಅದು ದೇವರನ್ನು ಮಾತ್ರವಲ್ಲ, ದುಡಿದು ನಮಗೆ ಅನ್ನ ಕೊಟ್ಟವರನ್ನೂ, ಅನ್ನವಿಲ್ಲದವರನ್ನೂ ನೆನಪಿಸುತ್ತದೆ ಎಂಬುದು ಅವರ ಆಶಯ.

5. ಬಡಿಸಿದವರ ಹೆಸರು ಕೇಳಿ, ಎದ್ದು ಹೋಗುವಾಗ ಒಂದು ಒಳ್ಳೆಯ ಮಾತು ಹೇಳಿ. ಪ್ರವಾಸದ ಖರ್ಚಿನಲ್ಲಿ ಒಂದು ಸಣ್ಣ ಪಾಲನ್ನು, ಇನ್ನೂ ಕಡಲನ್ನೇ ಕಾಣದ ನೆರೆಮನೆಯ ಮಕ್ಕಳಿಗಾಗಿ ತೆಗೆದಿಡಿ.

ಪ್ರವಾಸ ನಾಲ್ಕು ದಿನದ್ದು, ಊಟ ನಿತ್ಯದ್ದು. ಕಡಲ ದಡದಲ್ಲಿ ಕಲಿತ ಮರ್ಯಾದೆ ಮನೆಗೂ ಬರಬೇಕು. ಮರಳಿ ಬಂದ ಮೇಲೆ ರೊಟ್ಟಿ ಮಾರುವ ತಾಯಿ ಬಾಗಿಲಿಗೆ ಬಂದಾಗ ಆಕೆ ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟು, ಒಂದು ತಂಬಿಗೆ ನೀರನ್ನೂ ಕೊಡಿ. ಆಗ ಬೆಲೆಯೂ ಸಂದೀತು, ಋಣವೂ ಸ್ವಲ್ಪ ಹಗುರಾದೀತು.