ಮೋಶೆಯ ಜೊತೆಗೊಬ್ಬ ಆರೋನ



ಕನ್ನಡ ಬಲಿಪೂಜೆಗೆ ಇನ್ನು ಹತ್ತು ನಿಮಿಷ ಇರುವಾಗ, "ಇವತ್ತು ವಾಚನ ಯಾರು ಓದುತ್ತೀರಿ?" ಎಂಬ ಪ್ರಶ್ನೆ ಬರುತ್ತದೆ. ಯುವಜನರಾದ ನಾವು ಮೊಬೈಲ್ ನೋಡುತ್ತೇವೆ, ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿಯುತ್ತೇವೆ. ಕೊನೆಗೆ ಎಂದಿನಂತೆ ಹಿರಿಯರೊಬ್ಬರೇ ಕನ್ನಡಕ ಒರೆಸಿಕೊಂಡು ಮೈಕಿನ ಬಳಿಗೆ ಹೋಗುತ್ತಾರೆ.

ನಮ್ಮ ಭಯಕ್ಕೆ ಕಾರಣವಿದೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಅಕ್ಷರ ಕಲಿತದ್ದು ಜ್ಞಾನೋಪದೇಶದ ತರಗತಿಯಲ್ಲಿ, ಅದೂ ಅರ್ಧಂಬರ್ಧ. ಹಕಾರವಂತೂ ನಮ್ಮೂರ ಬಾಯಲ್ಲಿ ನಿಲ್ಲುವುದೇ ಇಲ್ಲ. ಒಮ್ಮೆ ನಮ್ಮಲ್ಲೊಬ್ಬರು 'ಹಿಬ್ರಿಯರಿಗೆ' ಎನ್ನಬೇಕಾದಲ್ಲಿ 'ಇಬ್ರಿಯರಿಗೆ' ಎಂದರು. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಆಮೇಲೆ ಎರಡು ವರ್ಷ ಅವರು ಮೈಕಿನ ಹತ್ತಿರ ಸುಳಿಯಲಿಲ್ಲ. ನಕ್ಕವರು ಹೊರಗಿನವರಲ್ಲ, ನಾವೇ.

ವಿಮೋಚನಾಕಾಂಡದ 4ನೇ ಅಧ್ಯಾಯದಲ್ಲಿ ಮೋಶೆಯೂ ಹೀಗೆಯೇ ಹಿಂಜರಿಯುತ್ತಾನೆ. ತನ್ನ ನಾಲಿಗೆ ಮಂದವೆನ್ನುತ್ತಾನೆ, ಬೇರೆ ಯಾರನ್ನಾದರೂ ಕಳಿಸಬೇಕೆಂದು ಬೇಡುತ್ತಾನೆ. ಸರ್ವೇಶ್ವರ ಆ ಕ್ಷಣವೇ ಅವನ ನಾಲಿಗೆಯನ್ನು ಸರಿಪಡಿಸಿದರೆಂದು ಅಲ್ಲಿ ಬರೆದಿಲ್ಲ. ಜೊತೆಗಿರುವೆನೆಂದು ಮಾತು ಕೊಟ್ಟರು. ಅಣ್ಣ ಆರೋನನನ್ನು ಆಸರೆಯಾಗಿ ಕೊಟ್ಟರು. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ, ತಾವು ಅವರ ಬಳಿಗೆ ಭಯದಿಂದ ನಡುಗುತ್ತಲೇ ಬಂದದ್ದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಭಯ ಪಾಪವಲ್ಲ. ಅದು ದೇವರ ಕರೆಗೆ ಅಡ್ಡಿಯೂ ಅಲ್ಲ.

ಧರ್ಮಸಭೆಯಲ್ಲಿ ಪವಿತ್ರ ಗ್ರಂಥವನ್ನು ಓದುವಾಗ ಮಾತನಾಡುವವರು ಕ್ರಿಸ್ತರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೋಧಿಸಿತು. ಹಾಗಿದ್ದ ಮೇಲೆ ಜನ ಬಂದಿರುವುದು ನಮ್ಮ ಕನ್ನಡವನ್ನು ಅಳೆಯುವುದಕ್ಕಲ್ಲ, ಅವರ ಮಾತನ್ನು ಕೇಳುವುದಕ್ಕೆ. ನಾವು ಧ್ವನಿ ಕೊಡುವವರು ಮಾತ್ರ.

ಧ್ವನಿಗೂ ಸಿದ್ಧತೆ ಬೇಕು. ಗುರುವಾರವೇ ವಾಚನವನ್ನು ತೆಗೆದು ಅಜ್ಜ ಅಜ್ಜಿಯ ಮುಂದೆ ಮೂರು ಸಲ ಗಟ್ಟಿಯಾಗಿ ಓದೋಣ. ಕಷ್ಟದ ಹೆಸರುಗಳನ್ನು ಬಿಡಿಸಿ ಬರೆದುಕೊಳ್ಳೋಣ. ಮೈಕಿನ ಮುಂದೆ ಎದೆ ಡವಡವ ಎನ್ನುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ, ಅಯೋಗ್ಯತೆಯ ಗುರುತಲ್ಲ. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಎದೆಬಡಿತವೂ ನಿಧಾನವಾಗುತ್ತದೆ. ತಪ್ಪಿದರೆ ತಿದ್ದಿಕೊಂಡು ಮುಂದೆ ಓದಿದರಾಯಿತು.

ಬೆಂಚಿನಲ್ಲಿ ಕೂತವರ ಪಾಲೂ ಇದೆ. ಮೋಶೆಗೆ ಆರೋನ ಸಿಕ್ಕಿದ. ತೊದಲುವ ನಮ್ಮ ತಂಗಿಗೆ, ತಮ್ಮನಿಗೆ ಸಿಗುವುದು ಆಸರೆಯೋ, ನಗುವೋ? ಆ ಹಿರಿಯರ ಕಣ್ಣು ಮಂಜಾಗುತ್ತಿದೆ. ಅವರ ನಂತರ ಓದುವವರಿಲ್ಲವಾದರೆ ನಮ್ಮ ಪೀಠದಲ್ಲಿ ಕನ್ನಡ ವಾಚನ ನಿಂತುಹೋಗುತ್ತದೆ. ಆಗ ಯಾರನ್ನೂ ದೂರುವಂತಿಲ್ಲ.

ಬರುವ ಭಾನುವಾರದಿಂದ ಇಬ್ಬಿಬ್ಬರಾಗಿ ಹೋಗೋಣ. ಒಬ್ಬರು ಓದಲಿ, ಇನ್ನೊಬ್ಬರು ಪಕ್ಕದಲ್ಲಿ ನಿಲ್ಲಲಿ. ಮೊದಲ ಜೋಡಿಯಲ್ಲಿ, ಅಂದು 'ಇಬ್ರಿಯರಿಗೆ' ಎಂದವರೇ ಓದಲು ಒಪ್ಪಿದ್ದಾರೆ. ಪಕ್ಕದಲ್ಲಿ ನಿಲ್ಲುವವರು, ಅಂದು ನಕ್ಕವರಲ್ಲೊಬ್ಬರು.

ಪವಿತ್ರಾತ್ಮರು ನಮ್ಮ ನಾಲಿಗೆಯನ್ನೂ ಕಿವಿಯನ್ನೂ ಆಶೀರ್ವದಿಸಲಿ. ಆಮೆನ್.