ಇದ್ದ ಹಾಗೆ, ಇದ್ದಲ್ಲಿ



ಮಲೆನಾಡು, ಕೊಡಗಿನ ಕಡೆಯವರಿಗೆ ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ಹೊಸದಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ಜೀಪು, ಟ್ರಕ್ಕುಗಳು ನಮ್ಮ ದೇಶದಲ್ಲಿ ಜನಸಾಮಾನ್ಯರ ಕೈಗೆ ಬಂದವು. ಮುಂದೆ ಜಬಲ್‌ಪುರದಲ್ಲಿ ನಮ್ಮ ಸೇನೆಗಾಗಿಯೇ ತಯಾರಾದ ಶಕ್ತಿಮಾನ್, ನಿಸ್ಸಾನ್, ಜೋಂಗಾ ಗಾಡಿಗಳೂ ಸೇವೆಯ ಅವಧಿ ಮುಗಿದ ಮೇಲೆ ಹರಾಜಿಗೆ ಬಂದವು. ಗಡಿಯಲ್ಲಿ ಮದ್ದುಗುಂಡು ಹೊತ್ತ ಗಾಡಿ ಇಲ್ಲಿ ಮರದ ದಿಮ್ಮಿ ಹೊತ್ತಿತು, ಗೊಬ್ಬರ ಹೊತ್ತಿತು, ಕಾಫಿ ಮೂಟೆ ಹೊತ್ತಿತು. ಕತ್ತಿಗಳನ್ನು ನೇಗಿಲ ಗುಳವಾಗಿ ಬಡಿಯುವ ಕಾಲವನ್ನು ಪ್ರವಾದಿ ಯೆಶಾಯ ಕಂಡನಲ್ಲವೇ? ಅದರ ಸಣ್ಣದೊಂದು ನೆರಳು ನಮ್ಮ ಕಾಫಿ ತೋಟಗಳಲ್ಲೂ ಬಿದ್ದಿದೆ ಎನ್ನಬಹುದು.

ಇಂಥ ಹರಾಜಿಗೆ ಒಂದು ಷರತ್ತು ಇರುತ್ತದೆ. ವಸ್ತುವನ್ನು ‘ಇದ್ದ ಹಾಗೆ, ಇದ್ದಲ್ಲಿ’ ಕೊಳ್ಳಬೇಕು. ಕೊಳ್ಳುವ ಮೊದಲು ಬಂದು ನೋಡಬಹುದು. ಮುಂಗಡ ಠೇವಣಿ ಕಟ್ಟಿ ಹರಾಜು ಕೂಗಬಹುದು. ಆದರೆ ಕೂಗಿ ಹಣ ಕಟ್ಟಿದ ಮೇಲೆ ಎಂಜಿನ್ ಹಿಡಿದುಕೊಂಡಿದೆ, ಟೈರು ಹೋಗಿದೆ ಎಂದು ದೂರುವಂತಿಲ್ಲ. ಗ್ಯಾರಂಟಿ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳುವ ಮಾತಿಲ್ಲ. ಇಂದು ಸರ್ಕಾರದ ಎಷ್ಟೋ ಹರಾಜುಗಳು ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ಆದರೂ ಈ ಷರತ್ತು ಮಾತ್ರ ಹಾಗೆಯೇ ಉಳಿದಿದೆ.

ಆ ಮಾತಿನ ಅರ್ಥ ನನಗೆ ತಿಳಿದದ್ದು ಸೆಮಿನರಿಯ ತರಗತಿಯಲ್ಲಲ್ಲ, ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ. ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಆಗ ನಾನು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಹೊಸ ಸಹಾಯಕ ಗುರು.

ಅಲ್ಲಿ ಸೇನೆಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಪ್ರತಿ ಭಾನುವಾರ ಬಲಿಪೂಜೆಗೆ ಮೊದಲ ಸಾಲಿನಲ್ಲಿ ನೆಟ್ಟಗೆ ನಿಲ್ಲುವವರು. ಅವರು ಹರಾಜಿನಲ್ಲಿ ಒಂದು ಟನ್ನಿನ ನಿಸ್ಸಾನ್ ಟ್ರಕ್ ಕೊಂಡು, ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅದರ ನಂಬರಿನಲ್ಲಿ ಸೇನೆಯ ಮೇಲ್ಮುಖದ ಬಾಣ, ಅದರ ಪಕ್ಕದಲ್ಲಿ ಗಾಡಿ ಸೇನೆಗೆ ಸೇರಿದ ವರ್ಷದ ಎರಡು ಅಂಕಿ ಇನ್ನೂ ಕಾಣುತ್ತಿದ್ದವು. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿತ್ತು. ಊರಿನವರು ನಕ್ಕರು. “ಗುಜರಿಗೆ ದುಡ್ಡು ಸುರಿದರು” ಎಂದರು.

ಅವರು ಮಾತ್ರ ಅವಸರ ಮಾಡಲಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯನ್ನು ತಂದ ದಿನವೇ ಸ್ಟಾರ್ಟ್ ಮಾಡಲು ಹೋಗುವುದು ದಡ್ಡತನವೆಂದು ನನಗೆ ಹೇಳಿದವರು ಅವರೇ. ಮೊದಲು ಟ್ಯಾಂಕಿನಲ್ಲಿ ಕೆಟ್ಟು ಅಂಟಾಗಿದ್ದ ಪೆಟ್ರೋಲನ್ನು ಹೊರಗೆ ಚೆಲ್ಲಿದರು. ಕರ್ರಗಾಗಿದ್ದ ಎಂಜಿನ್ ಆಯಿಲ್ ಇಳಿಸಿದರು. ಪ್ಲಗ್ಗುಗಳನ್ನು ಬಿಚ್ಚಿ, ಆರೂ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಎರಡು ದಿನ ಸುಮ್ಮನೆ ಬಿಟ್ಟರು. ಆಮೇಲೆ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ಒಂದು ಹಳೆಯ ನೋಟ್‌ಪುಸ್ತಕದಲ್ಲಿ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಬರೆದಿಟ್ಟರು: ರೇಡಿಯೇಟರ್ ಹೋಸು, ವೈರಿಂಗ್, ಕಾರ್ಬುರೇಟರ್, ಸ್ಪ್ರಿಂಗ್ ಪಟ್ಟಿ, ಬ್ರೇಕು. ನಾನು ಇಣುಕಿ ನೋಡಿದಾಗ, “ಫಾದರ್, ಬರೆಯದೆ ಬಿಟ್ಟದ್ದೇ ನಾಳೆ ಘಾಟಿಯಲ್ಲಿ ಕೈಕೊಡೋದು” ಎಂದರು. ಆತ್ಮಶೋಧನೆಯ ಬಗ್ಗೆ ಇದಕ್ಕಿಂತ ಚೆನ್ನಾದ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆದರೆ ಆ ಮನೆಯಲ್ಲಿ ದುರಸ್ತಿಯಾಗದೆ ಉಳಿದದ್ದು ಬೇರೊಂದಿತ್ತು. ಅವರಿಗೆ ಒಬ್ಬನೇ ಮಗ. ಕುಡಿತಕ್ಕೆ ಬಿದ್ದು, ಒಂದು ವರ್ಷದ ಕಾಫಿಯ ಹಣ ಕಳೆದು, ಕೊನೆಗೆ ತಾಯಿಯ ಸರವನ್ನು ಕದ್ದು ಅಡವಿಟ್ಟಿದ್ದ. ತಂದೆ ಅವನನ್ನು ಹೊರಗೆ ಹಾಕಿದ್ದರು. ಎರಡು ವರ್ಷದಿಂದ ಮಾತಿಲ್ಲ. ಆ ಹುಡುಗ ಪೇಟೆಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದು, ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ತಾಯಿ ನನ್ನ ಬಳಿ ಬಂದು, “ಸ್ವಾಮಿ, ನೀವೊಂದು ಮಾತು ಹೇಳಿ” ಎಂದು ಅತ್ತರು.

ಹೊಸ ಹುರುಪಿನ ಗುರು ನಾನು. ಹೋಗಿ, ಸಂತ ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ವಿವರಿಸಿದೆ. ಅವರು ಸ್ಪ್ಯಾನರ್ ಕೆಳಗಿಡದೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಆ ಕತೆ ಗೊತ್ತು ಫಾದರ್. ಆ ಅಪ್ಪನ ಮನೆಯಲ್ಲಿ ಕೊಬ್ಬಿದ ಕರು ಇತ್ತು. ನಮ್ಮ ಮನೆಯವಳ ಕುತ್ತಿಗೆ ಬರಿದಾಗಿದೆ.” ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಕೆಲಸ ಬ್ರೇಕಿನವರೆಗೆ ಬಂತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುತ್ತದೆ. ಅವರು ನಾಲ್ಕೂ ಚಕ್ರ ಬಿಚ್ಚಿ, ಹಳೆಯ ರಬ್ಬರುಗಳನ್ನು ಬದಲಿಸಿ, ಹೊಸ ಆಯಿಲ್ ತುಂಬಿದರು. ಆದರೆ ಪೈಪು ಬಿಚ್ಚಿ ಕೂಡಿಸಿದಾಗ ಒಳಗೆ ಗಾಳಿ ಸೇರಿಯೇ ಸೇರುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಒಂದಿಷ್ಟು ಗಾಳಿ ಉಳಿದರೂ ಸಾಕು, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದು. ಘಾಟಿಯಲ್ಲಿ ಇಳಿದಾಗಲೇ ತಿಳಿಯುವುದು.

ಆ ಗಾಳಿ ತೆಗೆಯುವ ಕೆಲಸವನ್ನು ಅಂಥ ಕೊಟ್ಟಿಗೆಯಲ್ಲಿ ಒಬ್ಬರೇ ಮಾಡುವುದು ಕಷ್ಟ. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಹತ್ತಿರ ಮಲಗಿ ನಿಪ್ಪಲ್ ಸಡಿಲಿಸಬೇಕು. ಗುಳ್ಳೆ ಸಮೇತ ಆಯಿಲ್ ಹೊರಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಮೇಲಿನವನು ಕಾಲು ಎತ್ತಬೇಕು. ಒಂದು ಕ್ಷಣ ಮೊದಲು ಎತ್ತಿದರೆ ಗಾಳಿ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಬಾಯಿಬಿಟ್ಟು ಹೇಳಲೇಬೇಕು.

ಆ ದಿನ ಪೆಡಲಿನ ಮೇಲೆ ಕಾಲಿಟ್ಟವನು ನಾನೇ. ಅವರು “ಹಿಡಿ” ಎಂದಾಗ ನಾನು ಬಿಟ್ಟೆ. ಎರಡು ಗಂಟೆಯ ಶ್ರಮ ನೀರಿನಲ್ಲಿ ಹೋಮವಾಯಿತು. ಕೆಳಗಿನಿಂದ ಎದ್ದು ಬಂದು, ಮೈಗೆ ಮೆತ್ತಿದ ಆಯಿಲ್ ಒರೆಸಿಕೊಳ್ಳುತ್ತ, “ಫಾದರ್, ನಿಮಗೆ ಪ್ರಸಂಗವೇ ಸರಿ” ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ಮೆಲ್ಲಗೆ, “ಈ ಕೆಲಸ ಬಲ್ಲವನು ಪೇಟೆಯಲ್ಲಿದ್ದಾನಲ್ಲ” ಎಂದರು. ಯಾರೂ ಮಾತಾಡಲಿಲ್ಲ. ಬಹಳ ಹೊತ್ತಾದ ಮೇಲೆ ಅವರು ಹೇಳಿದರು: “ಬರೋದಕ್ಕೆ ಹೇಳು. ಬ್ರೇಕಿನ ಕೆಲಸಕ್ಕೆ ಮಾತ್ರ.”

ಮುಂದಿನ ಭಾನುವಾರ ಮಧ್ಯಾಹ್ನ ಹುಡುಗ ಬಂದ. ತಂದೆಯ ಮುಖ ನೋಡದೆ ಸೀಟಿಗೆ ಹತ್ತಿದ. ತಂದೆ ದೂರದ ಹಿಂದಿನ ಚಕ್ರದ ಕೆಳಗೆ ಮಲಗಿದರು. “ಒತ್ತು.” “ಒತ್ತಿದೆ.” “ಹಿಡಿ.” “ಹಿಡಿದಿದ್ದೀನಿ.” “ಬಿಡು.” ಎರಡು ವರ್ಷದ ಮೇಲೆ ಆ ತಂದೆ ಮಗ ಆಡಿದ ಮಾತು ಅಷ್ಟೇ. ನಾಲ್ಕು ಚಕ್ರಕ್ಕೆ ಎಷ್ಟು ಸಲ ಹೇಳಿಕೊಂಡರೋ ನಾನು ಲೆಕ್ಕ ಇಡಲಿಲ್ಲ. ಕೊನೆಯ ಚಕ್ರದ ಹೊತ್ತಿಗೆ “ಒತ್ತಿದೆ” ಎಂಬುದು “ಒತ್ತಿದೆ ಅಪ್ಪ” ಎಂದಾಗಿತ್ತು. ಪೆಡಲ್ ಗಟ್ಟಿಯಾಗಿ ನಿಂತಿತು.

ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ತಾಯಿ ಮೂರು ತಟ್ಟೆ ಇಟ್ಟರು, ಆಮೇಲೆ ನನಗೊಂದು. ಹುಡುಗ ಊಟ ಮಾಡಿ ಕೊನೆಯ ಬಸ್ಸಿಗೆ ಹೋದ. ಮುಂದಿನ ಭಾನುವಾರ ಯಾರೂ ಕರೆಯದೆ ವೈರಿಂಗಿಗೆ ಬಂದ. ಸರ ಬಿಡಿಸಿ ತಂದದ್ದು ಇನ್ನೂ ಎಂಟು ತಿಂಗಳ ಮೇಲೆ, ತನ್ನ ಸಂಬಳದಿಂದ. ತಂದೆ ಅದನ್ನು ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಹೆಂಡತಿಗೆ ಕೊಟ್ಟರಂತೆ. ಅಂದಿನಿಂದ ಅವನ ಹಾಸಿಗೆ ಮನೆಯಲ್ಲಿಯೇ.

ಪ್ರಿಯರೇ, ಈಗ ನಮ್ಮ ಕಡೆಗೆ ತಿರುಗೋಣ.

ದೇವರು ನಮ್ಮನ್ನು ಕೊಂಡದ್ದು ಯಾವ ಷರತ್ತಿನ ಮೇಲೆ? ನಾವು ಸರಿಹೋದ ಮೇಲೆ ಅಲ್ಲ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಪ್ರಾಣಕೊಟ್ಟರೆಂದು ಸಂತ ಪೌಲರು ರೋಮನರಿಗೆ ಬರೆಯುತ್ತಾರೆ. ಕೊರಿಂಥದವರಿಗೆ ಬರೆಯುವಾಗ, ನಮ್ಮನ್ನು ಕ್ರಯಕೊಟ್ಟು ಕೊಳ್ಳಲಾಗಿದೆ ಎಂದು ನೆನಪಿಸುತ್ತಾರೆ. ಇದ್ದ ಹಾಗೆ, ಇದ್ದಲ್ಲಿ. ತುಕ್ಕು ಕಂಡೂ, ಇಲಿಗೂಡು ಕಂಡೂ ಹಿಂದೆ ಸರಿಯದ ಕೊಳ್ಳುವವನು ಆತ. ಆದರೆ ಇದನ್ನು ಅರ್ಧಕ್ಕೆ ಕೇಳಿಸಿಕೊಳ್ಳಬಾರದು. ಇದ್ದ ಹಾಗೆ ಕೊಂಡವನು ಇದ್ದ ಹಾಗೆಯೇ ಬಿಡುವುದಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿ ನೋಡುವುದಕ್ಕಲ್ಲ, ಹೊರೆ ಹೊತ್ತು ಓಡಾಡಲೆಂದೇ ಕೊಂಡದ್ದು.

“ದೇವರ ಹತ್ತಿರ ನಾನೇ ನೇರವಾಗಿ ಹೇಳಿಕೊಳ್ಳುತ್ತೇನೆ, ಪಾಪನಿವೇದನೆಗೆ ಗುರುವಿನ ಬಳಿ ಏಕೆ ಬರಬೇಕು?” ಎಂದು ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ. ದೇವರು ನಿಮ್ಮ ಏಕಾಂತ ಪ್ರಾರ್ಥನೆಯನ್ನು ಕೇಳುತ್ತಾನೆ, ಸಂದೇಹವಿಲ್ಲ. ಆದರೂ ಯೇಸುಸ್ವಾಮಿ ಕ್ಷಮಿಸುವ ಅಧಿಕಾರವನ್ನು ಪ್ರೇಷಿತರ ಕೈಗೆ ಒಪ್ಪಿಸಿದರು. ಪರಸ್ಪರ ಪಾಪಗಳನ್ನು ಒಪ್ಪಿಕೊಳ್ಳಿರೆಂದು ಸಂತ ಯಕೋಬರು ಬುದ್ಧಿ ಹೇಳಿದರು. ಏಕೆಂದರೆ ನಮ್ಮೊಳಗೆ ಸಿಕ್ಕಿಕೊಂಡ ಗಾಳಿ ನಮಗೇ ಕಾಣುವುದಿಲ್ಲ. ಬಾಯಿಬಿಟ್ಟು ಹೇಳಿದಾಗ, ಕೇಳುವ ಇನ್ನೊಬ್ಬನಿದ್ದಾಗ ಅದು ಹೊರಗೆ ಬರುತ್ತದೆ. ಕೇಳುವವನು ನನ್ನಂತೆ ಪೆಡಲಿಗೆ ಬಾರದವನಾದರೂ ಚಿಂತಿಲ್ಲ. ಆ ಸಂಸ್ಕಾರದಲ್ಲಿ ಕೆಲಸ ಮಾಡುವವನು ಕ್ರಿಸ್ತನೇ.

1551ರಲ್ಲಿ ಟ್ರೆಂಟ್ ನಗರದ ಮಹಾಸಭೆ ಈ ಸಂಸ್ಕಾರಕ್ಕೆ ಬರುವವನಿಂದ ಮೂರನ್ನು ಬಯಸಿತು: ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ. ಮೂರನೆಯದನ್ನು ನಾವು ಮೂರು ‘ನಮೋ ಮರಿಯಾ’ಕ್ಕೆ ಇಳಿಸಿಬಿಟ್ಟಿದ್ದೇವೆ. ಆ ಹುಡುಗ ಎಂಟು ತಿಂಗಳು ದುಡಿದು ಸರ ಬಿಡಿಸಿದನಲ್ಲ, ಪ್ರಾಯಶ್ಚಿತ್ತವೆಂದರೆ ಅದು. ಜಕ್ಕಾಯನೂ ಯೇಸುವಿಗೆ ಊಟ ಬಡಿಸಿ ಸುಮ್ಮನಾಗಲಿಲ್ಲ. ಮೋಸಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ.

ಹಾಗೆಯೇ ಕ್ಷಮಿಸಬೇಕಾದವರಿಗೂ ಒಂದು ಮಾತು. ಆ ತಂದೆಯ ಕೋಪ ಸುಳ್ಳಿನ ಕೋಪವಲ್ಲ. ಅನ್ಯಾಯವಾದದ್ದು ನಿಜ. ಕ್ಷಮೆಯೆಂದರೆ ಅನ್ಯಾಯ ಆಗಲೇ ಇಲ್ಲ ಎನ್ನುವುದಲ್ಲ. ಕೆಟ್ಟದ್ದನ್ನೆಲ್ಲ ಪುಸ್ತಕದಲ್ಲಿ ಬರೆದ ಮೇಲೂ ಗಾಡಿಯನ್ನು ಗುಜರಿಗೆ ಹಾಕದಿರುವುದು. ನಾವು ಬೇರೆಯವರ ಕೈಯಿಂದ ಬಂದ ಹಳೆಯ ಕಬ್ಬಿಣಕ್ಕೆ ತಿಂಗಳುಗಟ್ಟಲೆ ತಾಳ್ಮೆ ತೋರಿಸುತ್ತೇವೆ, ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದು ದಿನದ ತಾಳ್ಮೆ ಇರುವುದಿಲ್ಲ.

ಕೊನೆಗೆ ಆ ಟ್ರಕ್ಕಿಗೆ ಬಣ್ಣ ಬಳಿದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಗೆ ಸೇರದ ವಾಹನಕ್ಕೆ ಸೇನೆಯ ಆ ಆಲಿವ್ ಹಸಿರು ಬಣ್ಣ ಇರಕೂಡದು. ಗಾಡಿ ನೀಲಿಯಾಯಿತು. ಬಾಣದ ನಂಬರ್ ಹೋಗಿ ನಮ್ಮ ರಾಜ್ಯದ ನಂಬರ್ ಬಂತು. ಜ್ಞಾನಸ್ನಾನದಲ್ಲಿ ನಮಗೂ ಹೊಸ ಹೆಸರು, ಬಿಳಿಯ ವಸ್ತ್ರ ಕೊಟ್ಟದ್ದು ನೆನಪಾಯಿತು. ಆದರೆ ಛಾಸಿಯ ಮೇಲೆ ಕೊರೆದ ನಂಬರ್ ಮಾತ್ರ ಹಳೆಯದೇ. ದೇವರ ಕೃಪೆ ನಮ್ಮ ಸ್ವಭಾವವನ್ನು ಕಿತ್ತೆಸೆದು ಬೇರೊಂದನ್ನು ಇಡುವುದಿಲ್ಲ, ಇರುವುದನ್ನೇ ತಿದ್ದಿ ಮೇಲೆತ್ತುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆಯ ತಿರುಳು. ಆ ಮಗ ಬೇರೆ ಮಗನಾಗಲಿಲ್ಲ. ಅವನೇ, ದುರಸ್ತಿಯಾದವನು.

ಈ ವಾರ ನಿಮ್ಮ ಮನೆಯಲ್ಲಿ ಒಮ್ಮೆ ಯೋಚಿಸಿ. ಮಾತು ನಿಂತುಹೋದ ಅಣ್ಣ, ಸೊಸೆ, ಮಗ, ನೆರೆಯವರು ಯಾರು? ಬಲಿಪೀಠಕ್ಕೆ ಕಾಣಿಕೆ ತರುವ ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆಂದು ಪ್ರಭು ಹೇಳಿದ್ದು ಅವರನ್ನು ಕುರಿತೇ. ದೊಡ್ಡ ಮಾತು ಬಾರದಿದ್ದರೆ ಬೇಡ. ಇಬ್ಬರೂ ಕೈಹಾಕಬೇಕಾದ ಒಂದು ಸಣ್ಣ ಕೆಲಸಕ್ಕೆ ಕರೆಯಿರಿ. “ಹಿಡಿ”, “ಬಿಡು” ಎಂಬಷ್ಟರಿಂದಲೂ ದೇವರು ಆರಂಭಿಸಬಲ್ಲನು.

ಪ್ರಾರ್ಥಿಸೋಣ: ಪ್ರಭುವೇ, ನಮ್ಮನ್ನು ಇದ್ದ ಹಾಗೆ ಕೊಂಡೆ. ನಮ್ಮ ಮನೆಯವರನ್ನು ಇದ್ದ ಹಾಗೆ ಸ್ವೀಕರಿಸುವ ಮನಸ್ಸು ಕೊಡು. ಒಳಗೆ ಅಡಗಿದ ಕಹಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕೊಡು. ನಿನ್ನ ಕೈಯ ದುರಸ್ತಿ ಮುಗಿಯುವವರೆಗೆ ಒಬ್ಬರಿಗೊಬ್ಬರು ಕಾಯುವ ತಾಳ್ಮೆ ಕೊಡು. ಆಮೆನ್.